ಓಡುವವರ ಕಾಲು ಸೆಳೆತ: ನೀರು ಎಷ್ಟು, ಉಪ್ಪು ಎಷ್ಟು?



ಬೆಳಗಿನ ಐದು ಗಂಟೆಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಊರುಗಳ ಹೊರಗಿನ ರಸ್ತೆಗೆ ಹೋದರೆ ಓಡುತ್ತಿರುವ ಹುಡುಗ ಹುಡುಗಿಯರು ಕಾಣುತ್ತಾರೆ. ಹೆಚ್ಚಿನವರು ಪೊಲೀಸ್ ಅಥವಾ ಸೈನ್ಯದ ಭರ್ತಿಗೆ ತಯಾರಿ ನಡೆಸಿದವರು. ಪೊಲೀಸ್ ಕಾನ್ಸ್‌ಟೇಬಲ್ ಹುದ್ದೆಯ ಹಿಂದಿನ ಅಧಿಸೂಚನೆಗಳಲ್ಲಿ ಪುರುಷರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕಿತ್ತು. ಅದಕ್ಕಾಗಿ ಎಷ್ಟೋ ಮಕ್ಕಳು ದಿನಾ 10-15 ಕಿಲೋಮೀಟರ್ ಓಡುತ್ತಾರೆ. ಈಚೆಗೆ ಮ್ಯಾರಥಾನ್ ಓಟಕ್ಕೆ ಹೋಗುವವರೂ ಇದ್ದಾರೆ. ಯುಗಾದಿಯ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರದೂ ಹೆಚ್ಚು ಕಡಿಮೆ ಇದೇ ಶ್ರಮ. ಇವರೆಲ್ಲರೂ ಹೇಳುವ ಒಂದು ತೊಂದರೆ ಎಂದರೆ "ಕಾಲಿನ ನರ ಹಿಡಿಯಿತು" ಎಂಬುದು.

ಈ ಪಾಠ ಬರೆಯಲು ಒಬ್ಬ ತಾಯಿ ಕಾರಣ. ಬೇಸಿಗೆಯ ಒಂದು ದಿನ ಬ್ಯಾಡಗಿ ಕಡೆಯ ಹಳ್ಳಿಯಿಂದ ಇಪ್ಪತ್ತರ ಹರೆಯದ ಮಗನನ್ನು ಕರೆತಂದಿದ್ದರು. ಹುಡುಗ ಬೆಳಿಗ್ಗೆ ಬಹಳ ದೂರ ಓಡಿದ್ದ, ಎರಡೂ ಮೀನಖಂಡ ಹಿಡಿದುಕೊಂಡಿದ್ದವು. ಮನೆಗೆ ಬಂದ ಮೇಲೆ ತಾಯಿ ಬಿಡದೆ ನೀರು ಕುಡಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಹುಡುಗನಿಗೆ ತಲೆ ಸಿಡಿಯತೊಡಗಿತು, ವಾಂತಿ ಆಯಿತು, ಕೈಬೆರಳು ಊದಿದವು, ಮಾತು ತೊದಲಿತು. ಬಿಸಿಲಿಗೆ ಹೀಗಾಗಿದೆ ಎಂದು ತಿಳಿದು ಇನ್ನಷ್ಟು ನೀರು ಕುಡಿಸಿದರು. ರಕ್ತ ಪರೀಕ್ಷೆಯಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ಬಹಳ ಕಡಿಮೆ ಇತ್ತು. ಹುಡುಗ ಚಿಕಿತ್ಸೆಯಿಂದ ಚೇತರಿಸಿಕೊಂಡ. ಆದರೆ ಆ ತಾಯಿ ನನ್ನ ಕೈ ಹಿಡಿದು ಕೇಳಿದ ಮಾತು ಮರೆಯಲಾಗುವುದಿಲ್ಲ: "ನೀರ ಕಡಿಮಿ ಆದ್ರ ನರ ಹಿಡಿತಾವು ಅಂತ ಎಲ್ಲಾರೂ ಅಂತಾರಲ್ರೀ ಸಿಸ್ಟರ್. ಅದಕ್ಕ ತಂಬಿಗಿಗಟ್ಟಲೆ ಕುಡಿಸಿದ್ನಿ. ನಂದ ತಪ್ಪಾತೇನ್ರಿ?"

ತಪ್ಪು ಆ ತಾಯಿಯದಲ್ಲ. ನಾವೆಲ್ಲರೂ ಹಾಗೆಯೇ ಕೇಳಿಕೊಂಡು ಬಂದಿದ್ದೇವೆ. ಆದ್ದರಿಂದ ಸೆಳೆತ ಏಕೆ ಬರುತ್ತದೆ, ಬಂದಾಗ ಏನು ಮಾಡಬೇಕು, ನೀರನ್ನು ಎಷ್ಟು ಕುಡಿಯಬೇಕು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳೋಣ.

ಸೆಳೆತ ಎಂದರೇನು?

ನಾವು "ನರ ಹಿಡಿಯಿತು" ಎಂದು ಹೇಳಿದರೂ ಹಿಡಿಯುವುದು ನರವಲ್ಲ, ಮಾಂಸಖಂಡ. ಖಂಡವು ಒಮ್ಮೆ ಬಿಗಿಯಾಗಿ, ಮತ್ತೆ ಸಡಿಲವಾಗಿ ಕೆಲಸ ಮಾಡುತ್ತದೆ. ಬಿಗಿಯಾದ ಖಂಡ ತಾನಾಗಿ ಸಡಿಲವಾಗದೆ ಗಂಟಿನಂತೆ ನಿಂತರೆ ಅದೇ ಸೆಳೆತ. ಓಡುವವರಲ್ಲಿ ಮೀನಖಂಡ, ತೊಡೆಯ ಹಿಂಭಾಗ, ತೊಡೆಯ ಮುಂಭಾಗ ಮತ್ತು ಪಾದದ ಅಡಿಗೆ ಇದು ಹೆಚ್ಚು. ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳವರೆಗೆ ಇರುತ್ತದೆ. ನೋವು ಒಂದೆರಡು ದಿನ ಉಳಿಯಬಹುದು.

ಸೆಳೆತ ಬಂದಾಗ ಮಾಡಬೇಕಾದದ್ದು

1. ಓಟ ನಿಲ್ಲಿಸಿ. "ಓಡಿದರೆ ಬಿಟ್ಟು ಹೋಗುತ್ತದೆ" ಎಂದು ಮುಂದುವರಿದರೆ ಖಂಡ ಹರಿಯಬಹುದು.

2. ಮೀನಖಂಡ ಹಿಡಿದಿದ್ದರೆ ಕುಳಿತು ಕಾಲು ನೀಡಿ. ಮೊಣಕಾಲು ನೆಟ್ಟಗಿರಲಿ. ಪಾದದ ಬೆರಳುಗಳನ್ನು ಹಿಡಿದು ನಿಮ್ಮ ಕಡೆಗೆ ನಿಧಾನವಾಗಿ ಎಳೆದುಕೊಳ್ಳಿ. ಕೈ ಎಟುಕದಿದ್ದರೆ ಟವೆಲನ್ನು ಪಾದಕ್ಕೆ ಸುತ್ತಿ ಎಳೆಯಿರಿ. 15ರಿಂದ 30 ಸೆಕೆಂಡು ಹಿಡಿದು, ಬಿಟ್ಟು, ಮತ್ತೆ ಮಾಡಿ.

3. ತೊಡೆಯ ಹಿಂಭಾಗ ಹಿಡಿದಿದ್ದರೆ ಅಂಗಾತ ಮಲಗಬೇಕು. ಜೊತೆಯವರು ಕಾಲನ್ನು ನೆಟ್ಟಗೆ ಮೇಲಕ್ಕೆತ್ತಿ ಹಿಡಿಯಬೇಕು. ತೊಡೆಯ ಮುಂಭಾಗ ಹಿಡಿದಿದ್ದರೆ ಗೋಡೆ ಅಥವಾ ಗಿಡ ಹಿಡಿದು ನಿಂತು, ಮೊಣಕಾಲು ಮಡಚಿ, ಹಿಮ್ಮಡಿಯನ್ನು ಕುಂಡಿಗೆ ತಾಗಿಸಲು ಪ್ರಯತ್ನಿಸಬೇಕು.

4. ಗಂಟು ಸಡಿಲವಾದ ಮೇಲೆ ಅಂಗೈಯಿಂದ ಹಗುರವಾಗಿ ತಿಕ್ಕಿ. ಗುದ್ದುವುದು, ತುಳಿಯುವುದು, ಜಗ್ಗುವುದು ಬೇಡ.

5. ಸ್ವಲ್ಪ ಹೊತ್ತು ನಡೆಯಿರಿ. ಆ ದಿನ ಮತ್ತೆ ಜೋರಾಗಿ ಓಡಬೇಡಿ.

ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು ಇವುಗಳಿಂದ ಪ್ರಯೋಜನವಿಲ್ಲ. ಖಂಡವನ್ನು ನಿಧಾನವಾಗಿ ಹಿಗ್ಗಿಸುವುದೇ ಔಷಧ.

ಸೆಳೆತಕ್ಕೆ ಕಾರಣ ನೀರಿನ ಕೊರತೆಯೇ?

ಬಹಳ ವರ್ಷ ವೈದ್ಯರೂ ಹಾಗೆಯೇ ನಂಬಿದ್ದರು. ಬಿಸಿ ಗಣಿಗಳಲ್ಲಿ, ಕುಲುಮೆಗಳ ಮುಂದೆ ದುಡಿಯುತ್ತಿದ್ದವರಿಗೆ ಮೈತುಂಬ ಬೆವರಿ ಸೆಳೆತ ಬರುತ್ತಿತ್ತು, ಉಪ್ಪು ಕೊಟ್ಟರೆ ಕಡಿಮೆಯಾಗುತ್ತಿತ್ತು. ಹಾಗಾಗಿ ಉಪ್ಪು ಮತ್ತು ನೀರು ಕಳೆದುಕೊಂಡವರಿಗೆ ಸೆಳೆತ ಬರುವುದು ನಿಜ. ಆದರೆ ದಕ್ಷಿಣ ಆಫ್ರಿಕಾದಲ್ಲಿ ಬಹು ದೂರದ ಓಟಗಾರರ ರಕ್ತವನ್ನು ಪರೀಕ್ಷಿಸಿ ನೋಡಿದಾಗ, ಸೆಳೆತ ಬಂದವರಿಗೂ ಬಾರದವರಿಗೂ ನೀರಿನ ಕೊರತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ದಣಿವಿನಲ್ಲಿ. ಖಂಡಕ್ಕೆ "ಬಿಗಿಯಾಗು" ಎಂಬ ಸೂಚನೆಯೂ "ಸಡಿಲಾಗು" ಎಂಬ ಸೂಚನೆಯೂ ನರಗಳ ಮೂಲಕ ಹೋಗುತ್ತಿರುತ್ತವೆ. ಖಂಡ ಮಿತಿ ಮೀರಿ ದಣಿದಾಗ ಮೊದಲನೆಯದು ಜೋರಾಗಿ, ಎರಡನೆಯದು ಕ್ಷೀಣವಾಗುತ್ತದೆ. ಆದ್ದರಿಂದಲೇ ಸೆಳೆತ ಸಾಮಾನ್ಯವಾಗಿ ಓಟದ ಕೊನೆಯ ಭಾಗದಲ್ಲಿ ಬರುತ್ತದೆ; ದುಡಿದ ಖಂಡಕ್ಕೇ ಬರುತ್ತದೆ; ಅಭ್ಯಾಸಕ್ಕಿಂತ ವೇಗವಾಗಿ ಓಡಿದ ದಿನ ಬರುತ್ತದೆ. ಮೈಯಲ್ಲಿ ನೀರು ಕಡಿಮೆಯಾದದ್ದೇ ಕಾರಣವಾಗಿದ್ದರೆ ಕೈ, ಹೊಟ್ಟೆ, ಬೆನ್ನು ಎಲ್ಲಕ್ಕೂ ಬರಬೇಕಿತ್ತು. ಬಿಸಿಲಲ್ಲಿ ದುಡಿದು ಉಪ್ಪು ಬಹಳ ಕಳೆದುಕೊಂಡವರಿಗೆ ಹಾಗೆ ಹಲವು ಕಡೆ ಸೆಳೆತ ಬರುವುದುಂಟು.

ಇದರಿಂದ ಕಲಿಯಬೇಕಾದದ್ದು ಇಷ್ಟು: ಸೆಳೆತ ಬಂತೆಂದರೆ ನೀರನ್ನು ಸುರಿದುಕೊಳ್ಳುವುದಲ್ಲ, ಕಾಲಿಗೆ ವಿಶ್ರಾಂತಿ ಕೊಡುವುದು ಮೊದಲ ಕೆಲಸ. ಓಟದ ದೂರವನ್ನು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮದಿಂದ ಮೀನಖಂಡ ಗಟ್ಟಿಯಾಗುತ್ತದೆ. ಓಟದ ಮೊದಲು ಹತ್ತು ನಿಮಿಷ ನಡಿಗೆ ಮತ್ತು ನಿಧಾನ ಓಟ, ರಾತ್ರಿ ಸಾಕಷ್ಟು ನಿದ್ರೆ, ವಾರಕ್ಕೆ ಒಂದೆರಡು ದಿನ ವಿರಾಮ ಬೇಕೇ ಬೇಕು.

ನೀರು ಕಡಿಮೆಯಾದರೆ

ಹಾಗೆಂದು ನೀರು ಬೇಡವೆಂದು ತಿಳಿಯಬೇಡಿ. ಓಡುವವರು ಒಂದು ಗಂಟೆಯಲ್ಲಿ ಸುಮಾರು ಅರ್ಧ ಲೀಟರಿನಿಂದ ಎರಡು ಲೀಟರಿನವರೆಗೆ ಬೆವರುತ್ತಾರೆ. ಬೆವರೇ ದೇಹವನ್ನು ತಂಪಾಗಿಡುವ ವ್ಯವಸ್ಥೆ. ನೀರು ತೀರಾ ಕಡಿಮೆಯಾದರೆ ರಕ್ತದ ಪ್ರಮಾಣ ಇಳಿಯುತ್ತದೆ, ಎದೆ ಬಡಿತ ಏರುತ್ತದೆ, ಮೈ ಬಿಸಿಯಾಗುತ್ತದೆ, ತಲೆ ಸುತ್ತುತ್ತದೆ.

2016ರ ರಿಯೊ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಭಾರತದ ಓ.ಪಿ. ಜೈಶಾ 42 ಕಿಲೋಮೀಟರಿಗೂ ಹೆಚ್ಚು ದೂರ ಓಡಿ ಮುಗಿಸಿದ ಕೂಡಲೇ ಕುಸಿದು ಬಿದ್ದರು, ಅವರಿಗೆ ಚಿಕಿತ್ಸೆ ಕೊಡಬೇಕಾಯಿತು. ದಾರಿಯಲ್ಲಿ ತಮ್ಮ ದೇಶದ ಮೇಜುಗಳಲ್ಲಿ ನೀರು ಇರಲಿಲ್ಲವೆಂದು ಅವರು ಹೇಳಿದರು. ಅಥ್ಲೆಟಿಕ್ಸ್ ಸಂಸ್ಥೆಯವರು ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ವರ್ಷಗಟ್ಟಲೆ ತರಬೇತಿ ಪಡೆದ ದೇಹವೂ ಬಿಸಿಲು ಮತ್ತು ದಣಿವಿನ ಮುಂದೆ ಸೋಲಬಹುದು ಎಂಬುದನ್ನು ನಾವು ನೆನಪಿಡಬೇಕು.

ನೀರು ಹೆಚ್ಚಾದರೆ

ಇನ್ನೊಂದು ಬದಿಯೂ ಇದೆ. 2002ರಲ್ಲಿ ಅಮೆರಿಕದ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತವನ್ನು ಪರೀಕ್ಷಿಸಿದರು. ಅವರಲ್ಲಿ ನೂರಕ್ಕೆ 13 ಜನರಿಗೆ ರಕ್ತದ ಸೋಡಿಯಂ ಇರಬೇಕಾದುದಕ್ಕಿಂತ ಕಡಿಮೆ ಇತ್ತು. ಓಟ ಮುಗಿಯುವಾಗ ತೂಕ ಹೆಚ್ಚಿದ್ದವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಜಾಸ್ತಿ ಕುಡಿದವರಲ್ಲಿ, ಇದು ಹೆಚ್ಚಾಗಿ ಕಂಡಿತು. ಅದೇ ಓಟದಲ್ಲಿ ಒಬ್ಬ ಯುವತಿ ಈ ಕಾರಣದಿಂದಲೇ ತೀರಿಕೊಂಡರು.

ಇದು ಆಗುವುದು ಹೀಗೆ. ಸಾಂಬಾರು ತುಂಬಿದ ಪಾತ್ರೆಗೆ ನೀರು ಹಾಕುತ್ತಾ ಹೋದರೆ ಉಪ್ಪು ಸಪ್ಪೆಯಾಗುತ್ತದೆ. ರಕ್ತದಲ್ಲಿಯೂ ಹಾಗೆಯೇ. ವಿಶ್ರಾಂತಿಯಲ್ಲಿರುವ ಆರೋಗ್ಯವಂತರ ಮೂತ್ರಪಿಂಡ ಗಂಟೆಗೆ ಸುಮಾರು ಒಂದು ಲೀಟರ್ ಹೆಚ್ಚುವರಿ ನೀರನ್ನು ಹೊರಹಾಕಬಲ್ಲದು. ದೂರ ಓಡಿ ದಣಿದಾಗ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಆಗ ಕುಡಿದ ನೀರು ಒಳಗೇ ಉಳಿದು ಮಿದುಳು ಊದಿಕೊಳ್ಳುತ್ತದೆ. ತಲೆನೋವು, ವಾಂತಿ, ಬೆರಳುಗಳ ಊತ, ಗೊಂದಲ, ಕೊನೆಗೆ ಫಿಟ್ಸ್ ಬರಬಹುದು. ಬ್ಯಾಡಗಿ ಕಡೆಯ ಆ ಹುಡುಗನಿಗೆ ಆದದ್ದು ಇದೇ.

ಉಪ್ಪಿನ ಮಾತು

ಹಾವೇರಿ ಮತ್ತು ರಾಣೆಬೆನ್ನೂರಿನ ನಡುವೆ ಹೆದ್ದಾರಿಯಲ್ಲಿ ಮೋಟೆಬೆನ್ನೂರು ಸಿಗುತ್ತದೆ. ಹುತಾತ್ಮ ಮೈಲಾರ ಮಹಾದೇವಪ್ಪನವರ ಊರು. 1930ರಲ್ಲಿ ಗಾಂಧೀಜಿಯವರು ಉಪ್ಪಿನ ಕಾನೂನು ಮುರಿಯಲು ಸಾಬರಮತಿಯಿಂದ ದಂಡಿಗೆ ನಡೆದಾಗ ಅವರ ತಂಡದಲ್ಲಿ 18 ವರ್ಷದ ಮಹಾದೇವಪ್ಪನವರೂ ಇದ್ದರು. ಸುಮಾರು 385 ಕಿಲೋಮೀಟರನ್ನು ಅವರು 24 ದಿನಗಳಲ್ಲಿ ನಡೆದರು. ಬಿಸಿಲಲ್ಲಿ ದುಡಿಯುವ ಬಡವನಿಗೆ ಉಪ್ಪು ಬೇಕೇ ಬೇಕು, ಅದರ ಮೇಲಿನ ತೆರಿಗೆ ಅನ್ಯಾಯ ಎಂಬುದು ಆ ನಡಿಗೆಯ ವಾದ. ವೈದ್ಯಶಾಸ್ತ್ರ ಆ ಮಾತನ್ನು ಒಪ್ಪುತ್ತದೆ. ಒಂದು ಲೀಟರ್ ಬೆವರಿನಲ್ಲಿ ಸರಾಸರಿ ಅರ್ಧ ಚಹಾ ಚಮಚದಷ್ಟು ಉಪ್ಪು ಹೋಗುತ್ತದೆ. ಕೆಲವರ ಬೆವರು ಹೆಚ್ಚು ಉಪ್ಪಾಗಿರುತ್ತದೆ. ಅಂಗಿ ಒಣಗಿದ ಮೇಲೆ ಬಿಳಿ ಪಟ್ಟಿ ಮೂಡಿದರೆ ನೀವು ಅಂಥವರು.

ಇನ್ನೊಂದು ಗಮನಾರ್ಹ ಪಾಠ ನಮ್ಮ ದೇಶದ್ದೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಬಾಟಲಿಗಳು ಸಾಲದಾದಾಗ, ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಸೋಡಾ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಯಿಂದಲೇ ಕುಡಿಸಿ ಅನೇಕ ಜೀವ ಉಳಿಸಿದರು. ಕರುಳಿನಲ್ಲಿ ಸಕ್ಕರೆಯು ಉಪ್ಪನ್ನು ಜೊತೆಗೆ ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಇದೇ ಓ.ಆರ್.ಎಸ್.ನ ಗುಟ್ಟು.

ಓ.ಆರ್.ಎಸ್. ಕಲಸುವಾಗ ಗಮನಿಸಿ:

* ದೊಡ್ಡ ಪೊಟ್ಟಣಕ್ಕೆ (ಸುಮಾರು 20.5 ಗ್ರಾಂ) ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರು. ಸಣ್ಣ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರು. ಒಂದು ಲೋಟಕ್ಕೆ ಇಡೀ ದೊಡ್ಡ ಪೊಟ್ಟಣ ಸುರಿಯಬಾರದು.
* ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಿ.
* ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಸಮತಟ್ಟಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು.
* ಅಂಗಡಿಯ ಸಿಹಿ ಪಾನೀಯಗಳೆಲ್ಲ ಓ.ಆರ್.ಎಸ್. ಅಲ್ಲ. ಸರಿಯಾದ ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ "ಓ.ಆರ್.ಎಸ್." ಎಂದು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ಆದೇಶಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಿ ಕೊಳ್ಳಿ.

ಯಾವಾಗ, ಎಷ್ಟು ಕುಡಿಯಬೇಕು?

ಓಟದ ಮೊದಲು: ಎರಡು ಗಂಟೆ ಮುಂಚೆ ಒಂದೂವರೆಯಿಂದ ಎರಡು ಲೋಟ (300-400 ಮಿ.ಲೀ.) ನೀರು. ನಸುಕಿನಲ್ಲಿ ಓಡುವವರು ರಾತ್ರಿ ಊಟದ ಜೊತೆ ಚೆನ್ನಾಗಿ ಕುಡಿದು, ಎದ್ದ ಮೇಲೆ ಒಂದು ಲೋಟ ಕುಡಿದರೆ ಸಾಕು.

ಓಡುವಾಗ: 1600 ಮೀಟರ್ ಓಟದ ನಡುವೆ ಏನೂ ಬೇಕಿಲ್ಲ. ಒಂದು ಗಂಟೆಯೊಳಗಿನ ಓಟಕ್ಕೆ ಬಾಯಾರಿದರೆ ನೀರು ಸಾಕು. ಅದಕ್ಕಿಂತ ಹೆಚ್ಚಿನ ಓಟ ಅಥವಾ ಬಿಸಿಲ ನಡಿಗೆಯಾದರೆ ಬಾಯಾರಿಕೆಯೇ ಅಳತೆ. ಗಂಟೆಗೆ 400ರಿಂದ 800 ಮಿ.ಲೀ. ಒಳಗೆ, ಗುಟುಕು ಗುಟುಕಾಗಿ. ಜೊತೆಗೆ ಉಪ್ಪು, ಸಕ್ಕರೆ ಬೆರೆತ ನಿಂಬೆ ಪಾನಕ ಅಥವಾ ಓ.ಆರ್.ಎಸ್. ಇರಲಿ.

ಓಟದ ನಂತರ: ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ನಂತರ ರೊಟ್ಟಿ, ಪಲ್ಯ, ಬೇಳೆ, ಅನ್ನ. ಊಟದಲ್ಲಿಯೇ ಬೇಕಾದಷ್ಟು ಉಪ್ಪಿದೆ. ಬಾಳೆಹಣ್ಣು, ಎಳನೀರು ಒಳ್ಳೆಯವೇ, ಆದರೆ ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಅವುಗಳನ್ನೇ ನಂಬಬೇಡಿ.

ತೂಕದ ಲೆಕ್ಕ: ಓಟದ ಮೊದಲು ಮತ್ತು ನಂತರ ಅದೇ ತೂಕದ ಯಂತ್ರದಲ್ಲಿ, ಬೆವರು ಒರೆಸಿಕೊಂಡು ತೂಗಿ ನೋಡಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಹೋಗಿದೆ ಎಂದರ್ಥ. ಅದನ್ನು ಹಲವು ಗಂಟೆಗಳಲ್ಲಿ, ಊಟದ ಜೊತೆಗೆ ತುಂಬಿಕೊಳ್ಳಿ. 60 ಕಿಲೋ ತೂಕದವರು 1.2 ಕಿಲೋಗಿಂತ ಹೆಚ್ಚು ಕಳೆದುಕೊಂಡಿದ್ದರೆ ಮುಂದಿನ ಸಲ ಸ್ವಲ್ಪ ಹೆಚ್ಚು ಕುಡಿಯಬೇಕು. ತೂಕ ಏರಿದ್ದರೆ ಕುಡಿದದ್ದು ಅತಿಯಾಗಿದೆ.

ಮೂತ್ರದ ಬಣ್ಣ: ತಿಳಿ ನಿಂಬೆ ಪಾನಕದಂತಿದ್ದರೆ ಸರಿ. ಗಾಢ ಹಳದಿಯಾದರೆ ನೀರು ಕಡಿಮೆ. ಹಾಲಿಲ್ಲದ ಚಹಾದಂತೆ ಕಂದಾಗಿದ್ದರೆ ಖಂಡ ಒಡೆದು ಮೂತ್ರಪಿಂಡಕ್ಕೆ ಅಪಾಯವಾಗಿರಬಹುದು. ಅದೇ ಹೊತ್ತಿಗೆ ಆಸ್ಪತ್ರೆಗೆ ಬನ್ನಿ.

ನೋವಿನ ಮಾತ್ರೆ ನುಂಗಿ ಓಡಬೇಡಿ

ಭರ್ತಿಯ ದಿನ ನೋವು ಬಾರದಿರಲೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ ನುಂಗಿ ಓಡುವ ಹುಡುಗರಿದ್ದಾರೆ. ನೀರು ಕಡಿಮೆಯಾದ ದೇಹದಲ್ಲಿ ಈ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಇನ್ನೂ ಕಡಿಮೆ ಮಾಡುತ್ತವೆ. ಒಂದು ನೌಕರಿಗಾಗಿ ಮೂತ್ರಪಿಂಡ ಕಳೆದುಕೊಳ್ಳುವುದು ಬೇಡ. ಶಕ್ತಿ ಬರುತ್ತದೆಂದು ಯಾರೋ ಹೇಳುವ ಇಂಜೆಕ್ಷನ್ನೂ ಬೇಡ.

ಬಂಧುಗಳು ತಿಳಿದಿರಬೇಕಾದ ಅಪಾಯದ ಗುರುತುಗಳು

* ಓಡಿದವರು ಅಸಂಬದ್ಧವಾಗಿ ಮಾತಾಡುತ್ತಿದ್ದರೆ, ಗುರುತು ಹಿಡಿಯದಿದ್ದರೆ, ಎಚ್ಚರ ತಪ್ಪಿದರೆ ಬಾಯಿಗೆ ನೀರು ಹಾಕಬೇಡಿ. 108ಕ್ಕೆ ಕರೆ ಮಾಡಿ.
* ಜೊತೆಗೆ ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಉಷ್ಣಾಘಾತ. ವಾಹನ ಬರುವವರೆಗೆ ಕಾಯಬೇಡಿ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ಧಾರಾಳ ತಣ್ಣೀರು ಸುರಿದು ಗಾಳಿ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಮಂಜುಗಡ್ಡೆ ಅಥವಾ ಒದ್ದೆ ಬಟ್ಟೆ ಇಡಿ. ಮೊದಲು ತಂಪು, ಆಮೇಲೆ ಸಾಗಣೆ.
* ಒಂದೇ ಕಾಲು ಊದಿ, ಕೆಂಪಾಗಿ, ಬಿಸಿಯಾಗಿ, ನೋವು ಬಿಡದೆ ಇದ್ದರೆ ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು.
* "ಟಕ್" ಎಂಬ ಸದ್ದಾಗಿ ಕಾಲೂರಲು ಬಾರದಿದ್ದರೆ ಖಂಡ ಹರಿದಿರಬಹುದು.
* ಬೀಡಿ, ಸಿಗರೇಟು ಸೇದುವವರಿಗೆ ಅಥವಾ ಸಕ್ಕರೆ ಕಾಯಿಲೆಯವರಿಗೆ ಸ್ವಲ್ಪ ದೂರ ನಡೆದರೆ ಮೀನಖಂಡ ನೋಯುವುದು, ನಿಂತರೆ ಬಿಡುವುದು ಸಾಮಾನ್ಯ ಸೆಳೆತವಲ್ಲ. ರಕ್ತನಾಳದ ತೊಂದರೆ ಇರಬಹುದು.

ಈ ಪಾಠ ಎಲ್ಲರಿಗೂ ಅನ್ವಯಿಸದು

ರಕ್ತದೊತ್ತಡ, ಹೃದಯ, ಮೂತ್ರಪಿಂಡ ಹಾಗೂ ಯಕೃತ್ತಿನ ಕಾಯಿಲೆ ಇರುವವರು ಇಲ್ಲಿ ಹೇಳಿದ ಉಪ್ಪು, ನೀರು, ಓ.ಆರ್.ಎಸ್. ಪ್ರಮಾಣವನ್ನು ತಾವಾಗಿ ಅನುಸರಿಸಬಾರದು. ನಿಮಗೆ ವೈದ್ಯರು ಹೇಳಿದ ಅಳತೆಯೇ ಅಳತೆ. ಸಕ್ಕರೆ ಕಾಯಿಲೆಯವರು ಸಿಹಿ ಪಾನಕದ ಬಗ್ಗೆ ಕೇಳಿಕೊಳ್ಳಬೇಕು. ಮೂತ್ರ ಹೆಚ್ಚಿಸುವ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುವವರಿಗೆ ಪದೇ ಪದೇ ಕಾಲು ಸೆಳೆಯುತ್ತಿದ್ದರೆ ಮಾತ್ರೆ ಬಿಡಬೇಡಿ, ವೈದ್ಯರಿಗೆ ತಿಳಿಸಿ. ಗರ್ಭಿಣಿಯರಿಗೂ ವಯಸ್ಸಾದವರಿಗೂ ರಾತ್ರಿ ಬರುವ ಸೆಳೆತಕ್ಕೆ ಮೇಲೆ ಹೇಳಿದಂತೆ ಪಾದವನ್ನು ನಿಧಾನವಾಗಿ ಎಳೆದು ಹಿಗ್ಗಿಸಬಹುದು.

ನೆನಪಿಡಿ

1. ಸೆಳೆತ ಬಂದರೆ ನಿಲ್ಲಿ, ಹಿಗ್ಗಿಸಿ, ವಿಶ್ರಮಿಸಿ.
2. ಬಾಯಾರಿದಷ್ಟು ಕುಡಿಯಿರಿ, ಬಲವಂತವಾಗಿ ಕುಡಿಯಬೇಡಿ, ಕುಡಿಸಬೇಡಿ.
3. ದೀರ್ಘ ಓಟಕ್ಕೆ ಬರಿ ನೀರು ಸಾಲದು, ಉಪ್ಪೂ ಬೇಕು.
4. ತಲೆನೋವು, ವಾಂತಿ, ಗೊಂದಲ ಇದ್ದರೆ ನೀರು ನಿಲ್ಲಿಸಿ, ಆಸ್ಪತ್ರೆಗೆ ಬನ್ನಿ. ಎಷ್ಟು ದೂರ ಓಡಿದರು, ಎಷ್ಟು ನೀರು ಕುಡಿದರು, ಯಾವ ಮಾತ್ರೆ ನುಂಗಿದರು ಎಂಬುದನ್ನು ಮುಚ್ಚಿಡದೆ ಹೇಳಿ.

ಕೊನೆಯದು ಬಹಳ ಮುಖ್ಯ. "ತಂಬಿಗಿಗಟ್ಟಲೆ ಕುಡಿಸಿದ್ನಿ" ಎಂದು ಆ ತಾಯಿ ನೇರವಾಗಿ ಹೇಳಿದ್ದರಿಂದಲೇ ವೈದ್ಯರಿಗೆ ಕಾರಣ ಬೇಗ ಹೊಳೆಯಿತು, ಬರಿ ನೀರನ್ನು ಕೂಡಲೇ ನಿಲ್ಲಿಸಲಾಯಿತು. ಬಿಡುಗಡೆಯ ದಿನ ಅವರಿಗೆ ನಾನು ಹೇಳಿದ್ದು ಇಷ್ಟೇ: "ತಪ್ಪ ಆಗಿಲ್ಲ ಯವ್ವಾ. ಮಗನ್ನ ಉಳಿಸಿದ್ದು ನಿಮ್ಮ ಖರೇ ಮಾತು." ನಿಮ್ಮ ಮನೆಯಲ್ಲಿಯೂ ಓಡುವ ಮಕ್ಕಳಿದ್ದರೆ ಈ ಹಾಳೆಯನ್ನು ಮಡಚಿ ಮನೆಗೆ ಒಯ್ಯಿರಿ, ಅವರ ಕೈಗೆ ಕೊಡಿ. ಅರ್ಥವಾಗದ ಮಾತಿದ್ದರೆ ವಾರ್ಡಿನ ಸಿಸ್ಟರ್ ಅವರನ್ನು ಸಂಕೋಚವಿಲ್ಲದೆ ಕೇಳಿ.